ಇಂಟರ್ವಲ್ ಇಲ್ಲದೆ ವಾರಕ್ಕೆ 15ರಿಂದ 40 ಕಿ.ಮೀ.: ಆರಾಮಾಗಿ ದೂರ ಹೆಚ್ಚಿಸೋದು ಹೇಗೆ? (ಮೈಸೂರು, ಮಂಡ್ಯ)

ಹೊಸಹೆಜ್ಜೆ_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಸದ್ಯದ ಲೆಕ್ಕ ಇಷ್ಟು: ವಯಸ್ಸು 42, ವಾರಕ್ಕೆ 3 ದಿನ, ದಿನಕ್ಕೆ 5 ಕಿ.ಮೀ., ಕುಕ್ಕರಹಳ್ಳಿ ಕೆರೆ ಸುತ್ತ. 5 ಕಿ.ಮೀ.ಗೆ 33 ನಿಮಿಷ ಹಿಡಿಯುತ್ತೆ, ಮುಗಿಯೋ ಹೊತ್ತಿಗೆ ಏದುಸಿರು. ರೇಸ್ ಗುರಿ ಇಲ್ಲ. ವಾರಕ್ಕೆ 40 ಕಿ.ಮೀ. ನೆಮ್ಮದಿಯಾಗಿ ಓಡೋ ಹಾಗಾಗಬೇಕು, ಮಾರನೇ ದಿನ ಕೆಲಸಕ್ಕೆ ಕುಂಟಿಕೊಂಡು ಹೋಗೋ ಹಾಗಾಗಬಾರದು. ಇಂಟರ್ವಲ್ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು ಮತ್ತೆ ಜೋರಾಗಿ ಓಡೋದು), ಟೆಂಪೋ (ತುಸು ಹೊತ್ತು ಒಂದೇ ಸಮ ಜೋರಾಗಿ ಓಡೋದು) ಇವೆಲ್ಲ ಬೇಡ ಅಂದುಕೊಂಡಿದ್ದೀನಿ. ಮೊದಲು ದಿನ ಹೆಚ್ಚಿಸಬೇಕಾ, ದೂರ ಹೆಚ್ಚಿಸಬೇಕಾ? ವಾರಕ್ಕೆ ಶೇ. 10ರಷ್ಟು ಏರಿಸಿ ಅಂತಾರಲ್ಲ, ಅದು ಸರಿಯಾ?

ಕೆರೆಏರಿ

ಮೊದಲು ದಿನ, ಆಮೇಲೆ ಮಾಮೂಲಿ ದಿನದ ದೂರ, ಎಲ್ಲಕ್ಕಿಂತ ಕೊನೆಗೆ ಭಾನುವಾರದ ಉದ್ದನೆ ಓಟ. ಈ ಕ್ರಮ ತಪ್ಪಬೇಡಿ ಸರ್. ಹೆಚ್ಚಿನವರು ಇದನ್ನೇ ತಲೆಕೆಳಗು ಮಾಡ್ತಾರೆ. ವಾರವೆಲ್ಲ ಎರಡು ದಿನ ಓಡಿ, ಭಾನುವಾರ ಗುಂಪಿನ ಜೊತೆ ಸೇರಿ 5 ಇದ್ದದ್ದನ್ನ 8 ಮಾಡ್ತಾರೆ, ಮುಂದಿನ ಭಾನುವಾರ 12. ಉಸಿರಿಗೆ ಅದು ಸಾಧ್ಯವಾಗುತ್ತೆ, ಯಾಕಂದ್ರೆ ಎದೆ, ಶ್ವಾಸಕೋಶ ಕೆಲವೇ ವಾರದಲ್ಲಿ ಹೊಂದಿಕೊಳ್ತವೆ. ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಅಂಗಾಲಿನ ಪಟ್ಟಿ, ಮುಂಗಾಲ ಮೂಳೆ (ಮೊಣಕಾಲ ಕೆಳಗೆ ಮುಂದಿರೋದು) ಇವಕ್ಕೆ ತಿಂಗಳುಗಳೇ ಬೇಕು. ಹೊಡೆತ ಬಿದ್ದ ಜಾಗದಲ್ಲಿ ಮೂಳೆ ಮೊದಲು ಹಳೆಯ ಪದರವನ್ನ ಕರಗಿಸುತ್ತೆ, ಹೊಸದು ಕಟ್ಟೋದು ನಂತರ. ಆ ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲವೇ. ಅದಕ್ಕೇ 'ಮೂರನೇ ವಾರದವರೆಗೂ ಚೆನ್ನಾಗಿತ್ತು, ಇದ್ದಕ್ಕಿದ್ದ ಹಾಗೆ ನೋವು' ಅನ್ನೋ ಮಾತು ಅಷ್ಟೊಂದು ಕೇಳಿಬರೋದು.

ಎರಡನೇದು ನಿಮ್ಮ ವೇಗ. 5 ಕಿ.ಮೀ.ಗೆ 33 ನಿಮಿಷ ಅಂದ್ರೆ ಕಿ.ಮೀ.ಗೆ 6:36. ಅದೂ ಏದುಸಿರಲ್ಲಿ. ವಾರಕ್ಕೆ ಮೂರು ಸಲ ಪರೀಕ್ಷೆ ಬರೆದ ಹಾಗೆ ಆಗ್ತಿದೆ. ಆರಾಮಿನ ವೇಗ ಸಾಮಾನ್ಯವಾಗಿ 5 ಕಿ.ಮೀ. ಜೋರು ಓಟಕ್ಕಿಂತ ಕಿ.ಮೀ.ಗೆ ಒಂದು ಕಾಲು ನಿಮಿಷದಿಂದ ಎರಡು ನಿಮಿಷ ನಿಧಾನ ಇರುತ್ತೆ. ನಿಮಗೆ ಅದು 7:50ರಿಂದ 8:30. ಮೊದಲ ಎರಡು ವಾರ ಇದು ನಡಿಗೆಗೆ ಹತ್ತಿರ ಅನ್ನಿಸುತ್ತೆ, ಇರಲಿ. ಅಷ್ಟು ನಿಧಾನಕ್ಕೂ ಉಸಿರು ಹತ್ತಿದರೆ 4 ನಿಮಿಷ ಓಟ, 1 ನಿಮಿಷ ನಡಿಗೆ. ನಡಿಗೆಯನ್ನ ಸುಸ್ತಾದ ಮೇಲೆ ಸೇರಿಸಬೇಡಿ, ಮೊದಲ ನಿಮಿಷದಿಂದಲೇ ಗಡಿಯಾರ ನೋಡಿ ಸೇರಿಸಿ.

ವಾಚ್ ಇಲ್ಲದೆಯೂ ಗೊತ್ತಾಗುವ ಅಳತೆ ಒಂದಿದೆ. ಓಡ್ತಾ ಏಳರ ಮಗ್ಗಿ ಹೇಳಿ, ಬಾಯಿಬಿಟ್ಟು, ಪಕ್ಕದವರಿಗೆ ಕೇಳಿಸೋ ಹಾಗೆ. 'ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು' ಇಷ್ಟು ಒಂದೇ ಉಸಿರಿಗೆ ಬಂದರೆ ವೇಗ ಸರಿ. ಏಳೆರಡ್ಲ ಆದಮೇಲೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಜಾಸ್ತಿಯಾಗಿದೆ. ಮೊದಲ ಕಿ.ಮೀ.ನಲ್ಲಿ ಒಮ್ಮೆ, ಕೊನೇ ಕಿ.ಮೀ.ನಲ್ಲಿ ಒಮ್ಮೆ ಹೇಳಿನೋಡಿ. ಕೊನೆಯಲ್ಲೂ ಅಷ್ಟೇ ಸಲೀಸಾಗಿ ಬರಬೇಕು.

ಅಂಕಿಅಂಶ_ಸರಸ್ವತಿಪುರಂ

ಶೇ. 10ರ ಬಗ್ಗೆ. 2008ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್ ಅಧ್ಯಯನ ಒಂದಿದೆ, 532 ಜನ ಹೊಸ ಓಟಗಾರರು. ಒಂದು ಗುಂಪು ಶೇ. 10ರ ಲೆಕ್ಕದಲ್ಲಿ 13 ವಾರ ನಿಧಾನವಾಗಿ ಏರಿಸಿತು, ಇನ್ನೊಂದು ಮಾಮೂಲಿ 8 ವಾರದ ಕಾರ್ಯಕ್ರಮ ಮಾಡಿತು. ಗಾಯ ಎರಡೂ ಕಡೆ ಐದರಲ್ಲಿ ಒಬ್ಬರಿಗೆ, ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. 2025ರಲ್ಲಿ 5,200ಕ್ಕೂ ಹೆಚ್ಚು ಓಟಗಾರರ ವಾಚ್ ದಾಖಲೆ ನೋಡಿದ ಅಧ್ಯಯನ ಬಂತು. ಅದರಲ್ಲಿ ಗಾಯಕ್ಕೆ ತಾಳೆಯಾದದ್ದು ವಾರದ ಮೊತ್ತದ ಏರಿಕೆ ಅಲ್ಲ, ಒಂದೇ ದಿನದ ನೆಗೆತ. ಹಿಂದಿನ 30 ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಒಂದೇ ದಿನ ಓಡಿದವರಿಗೆ ಗಾಯ ಹೆಚ್ಚು.

ಹಾಗಾಗಿ ಶೇ. 10ನ್ನ ವಾರದ ಮೊತ್ತಕ್ಕೆ ಹಾಕೋ ಬದಲು ದಿನದ ಓಟಕ್ಕೆ ಹಾಕಿ. ಕಳೆದ 30 ದಿನದಲ್ಲಿ ಅತಿ ಉದ್ದದ್ದು 5 ಕಿ.ಮೀ. ಇದ್ದರೆ ನಾಳೆಯ ಮಿತಿ 5.5. ಗೆಳೆಯರು ಕರೆದರು ಅಂತ 9 ಓಡೋದು ಆ ಮಿತಿಯ ಹೊರಗೆ.

ಟ್ರ್ಯಾಕ್400

ಒಪ್ಪಲ್ಲ. ವಾರಕ್ಕೆ ಒಂದು ಇಂಟರ್ವಲ್ ಇಲ್ಲದಿದ್ದರೆ ಕಾಲು ಮಂದ ಆಗುತ್ತೆ. 400 ಮೀ. ಆರು ಸಲ ಮಾಡಿದ್ರೆ ಸುಲಭದ ವೇಗವೂ ತಾನೇ ಏರುತ್ತೆ. ಬರೀ ನಿಧಾನ ಓಡಿದ್ರೆ ನಿಧಾನವಾಗಿ ಓಡೋದನ್ನೇ ಕಲಿಯೋದು.

ಗಂಗೋತ್ರಿ_ಮುಂಜಾನೆ

@ಟ್ರ್ಯಾಕ್400, 10 ಕಿ.ಮೀ. ಸಮಯ ಇಳಿಸಬೇಕು ಅನ್ನೋರಿಗೆ ನಿಮ್ಮ ಮಾತು ಸರಿ. ಇಲ್ಲಿ ಕೇಳಿರೋದು ಬೇರೆ. 15 ಕಿ.ಮೀ. ಓಡುವವರಿಗೆ ವೇಗದಿಂದ ಸಿಗೋ ಲಾಭಕ್ಕಿಂತ ಸಮಯದಿಂದ ಸಿಗೋ ಲಾಭ ಬಹಳ ದೊಡ್ಡದು. ಮಾಂಸಖಂಡದ ಒಳಗೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾ ಹೆಚ್ಚೋದು, ಸೂಕ್ಷ್ಮ ರಕ್ತನಾಳ ದಟ್ಟವಾಗೋದು, ಕೊಬ್ಬನ್ನ ಇಂಧನವಾಗಿ ಸುಡೋ ಶಕ್ತಿ ಬೆಳೆಯೋದು, ಇಷ್ಟೂ ಸುಲಭದ ಓಟದಲ್ಲಿ ಗಂಟೆಗಟ್ಟಲೆ ಕಳೆದಾಗ ಆಗುತ್ತೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ತಮ್ಮ ಓಟಗಾರರಿಗೆ ವಾರಕ್ಕೆ 100 ಮೈಲಿಯ ತಳಪಾಯ ಹಾಕಿಸುತ್ತಿದ್ದರು, ವೇಗದ ಅಭ್ಯಾಸ ಅದರ ನಂತರ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀ. ಚಿನ್ನ ಗೆದ್ದ ಪೀಟರ್ ಸ್ನೆಲ್, 5,000 ಮೀ. ಗೆದ್ದ ಮರ್ರಿ ಹಾಲ್ಬರ್ಗ್ ಇಬ್ಬರೂ ಅವರ ಶಿಷ್ಯರು. ಎರಡು ನಿಮಿಷದೊಳಗೆ ಮುಗಿಯೋ 800 ಮೀ.ಗೇ ಅಷ್ಟು ತಳಪಾಯ ಬೇಕಿತ್ತು.

ಇನ್ನೊಂದು ಕಾರಣ ಸುಸ್ತು. ಇಂಟರ್ವಲ್ ಮಾಡಿದ ಮಾರನೇ ದಿನ, ಅದರ ಮಾರನೇ ದಿನ ಕಾಲು ಭಾರ. ದೂರ ಹೆಚ್ಚಿಸೋ ಹಂತದಲ್ಲಿ ಆ ಎರಡು ದಿನದ 8–9 ಕಿ.ಮೀ. ಕೈತಪ್ಪುತ್ತೆ.

ಕಾಲು ಮಂದ ಆಗದ ಹಾಗೆ ಒಂದು ಸಣ್ಣ ಉಪಾಯ ಸಾಕು. 12 ವಾರ ಆದಮೇಲೆ, ವಾರಕ್ಕೆ ಎರಡು ಸಲ, ಸುಲಭದ ಓಟದ ಕೊನೆಗೆ ಸಮತಟ್ಟು ಜಾಗದಲ್ಲಿ 15 ಸೆಕೆಂಡಿನ ಸ್ಟ್ರೈಡ್ 4 ಸಲ. ಮೊದಲ 5 ಸೆಕೆಂಡ್ ನಿಧಾನಕ್ಕೆ ವೇಗ ಏರಿಸಿ, 5 ಸೆಕೆಂಡ್ ಹಗುರವಾಗಿ ಜೋರು, 5 ಸೆಕೆಂಡಲ್ಲಿ ಇಳಿಸಿ. ಮಧ್ಯೆ ಒಂದು ನಿಮಿಷ ಪೂರ್ತಿ ನಡಿಗೆ. ಹಲ್ಲು ಕಚ್ಚಿ ಓಡೋ ಹಾಗಾದರೆ ಅದು ಸ್ಟ್ರೈಡ್ ಆಗಿ ಉಳಿಯಲ್ಲ. ಒಟ್ಟು ಒಂದು ನಿಮಿಷದ ಕೆಲಸ, ಸುಸ್ತು ಉಳಿಯಲ್ಲ.

ಟ್ರ್ಯಾಕ್400

ಸ್ಟ್ರೈಡ್ ಇದ್ದರೆ ನನ್ನ ತಕರಾರು ಅರ್ಧ ಹೋಯ್ತು. ಪ್ರಗತಿ ಗೊತ್ತಾಗೋದು ಹೇಗೆ ಹಾಗಾದ್ರೆ?

ಗಂಗೋತ್ರಿ_ಮುಂಜಾನೆ

ನಾಲ್ಕು ವಾರಕ್ಕೊಮ್ಮೆ, ಅದೇ ದಾರಿ, ಅದೇ ಹೊತ್ತು. 10 ನಿಮಿಷ ವಾರ್ಮಪ್, ಆಮೇಲೆ 30 ನಿಮಿಷ ಒಂದೇ ಹೃದಯ ಬಡಿತದಲ್ಲಿ ಓಡಿ ಎಷ್ಟು ದೂರ ಆಯ್ತು ಅಂತ ಬರೆದಿಡಿ. 180ರಿಂದ ವಯಸ್ಸು ಕಳೆಯೋ ಮ್ಯಾಫೆಟೋನ್ ಸೂತ್ರದಲ್ಲಿ 42 ವಯಸ್ಸಿಗೆ 138 ಬರುತ್ತೆ. ಎಲ್ಲರಿಗೂ ಕರಾರುವಾಕ್ಕಾಗಿ ಹೊಂದೋ ಅಂಕಿ ಅಲ್ಲ, ಆದ್ರೆ ಪ್ರತಿ ಸಲ ಅದೇ ಅಂಕಿ ಹಿಡಿದರೆ ಹೋಲಿಕೆಗೆ ಸಾಕು. ಬಡಿತ ಅಷ್ಟೇ ಇದ್ದು ದೂರ ಏರಿದರೆ ತಳಪಾಯ ಬೆಳೀತಿದೆ ಅಂತ ಅರ್ಥ.

ಮಣಿಕಟ್ಟಿನ ವಾಚ್ ನಂಬೋ ಮೊದಲು ಒಂದು ಎಚ್ಚರ. ಕೆಲವು ಸಲ ಅದು ನಾಡಿ ಬದಲು ಹೆಜ್ಜೆಯನ್ನ ಎಣಿಸುತ್ತೆ. ಮಗ್ಗಿ ಸಲೀಸಾಗಿ ಬರ್ತಿದೆ, ವಾಚ್ ಮಾತ್ರ 165–170 ತೋರಿಸ್ತಿದೆ ಅಂದ್ರೆ ಅನುಮಾನಪಡಿ. ನಿಂತು ಕತ್ತಿನ ನಾಡಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಪಟ್ಟಿಯನ್ನ ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ಎಷ್ಟೋ ಸುಧಾರಿಸುತ್ತೆ.

ಹೊಸಹೆಜ್ಜೆ_ಕುವೆಂಪುನಗರ

ತುಂಬ ಸ್ಪಷ್ಟವಾಯ್ತು. ವಾರದ ಲೆಕ್ಕವನ್ನ ಯಾರಾದರೂ ಬಿಡಿಸಿ ಹಾಕಿದರೆ ಉಪಕಾರ.

ಕೆರೆಏರಿ

24 ವಾರ ಇಟ್ಟುಕೊಳ್ಳಿ. ಜೂನ್ ಮೊದಲ ವಾರ ಶುರುಮಾಡಿದರೆ ನವೆಂಬರ್ ಮಧ್ಯಕ್ಕೆ ಮುಗಿಯುತ್ತೆ, ಬೇಸಿಗೆಯ ಗೊಡವೆಯೇ ಇಲ್ಲ.

ವಾರ 1–3: ನಾಲ್ಕು ದಿನ, 4, 4, 4, 5. ಮೊತ್ತ 17.
ವಾರ 4–6: ಐದು ದಿನ, 4, 4, 4, 4, 5. ಮೊತ್ತ 21.
ವಾರ 7: ಹಗುರ, ನಾಲ್ಕು ದಿನ, ಮೊತ್ತ 15.
ವಾರ 8–10: 5, 4, 5, 4, ಜೊತೆಗೆ ಭಾನುವಾರ 5.5, 6, 6.5.
ವಾರ 11: ಹಗುರ, 18.
ವಾರ 12–14: 5, 5, 6, 5, ಭಾನುವಾರ 7, 7.5, 8.
ವಾರ 15: ಹಗುರ, 22.
ವಾರ 16–18: 6, 5, 7, 5, ಭಾನುವಾರ 8.5, 9, 9.5.
ವಾರ 19: ಹಗುರ, 24.
ವಾರ 20–22: 6, 6, 8, 6, ಭಾನುವಾರ 10, 10.5, 11.
ವಾರ 23: ಹಗುರ, 28.
ವಾರ 24: 7, 6, 8, 7, ಭಾನುವಾರ 12. ಮೊತ್ತ 40.

ಗಮನಿಸಿ, ಮೊದಲ ಆರು ವಾರ ಉದ್ದನೆ ಓಟ 5 ಕಿ.ಮೀ.ನಲ್ಲೇ ನಿಂತಿದೆ, ದಿನ ಮಾತ್ರ 3ರಿಂದ 5ಕ್ಕೆ ಏರಿದೆ. ಕೊನೇ ವಾರದಲ್ಲೂ ಭಾನುವಾರದ ಪಾಲು ಮೊತ್ತದ ಶೇ. 30 ಅಷ್ಟೇ. ಹಗುರ ವಾರದಲ್ಲಿ 'ಕಾಲು ಚೆನ್ನಾಗಿದೆಯಲ್ಲ, ಇನ್ನೆರಡು ಓಡೋಣ' ಅನ್ನಿಸುತ್ತೆ. ಓಡಬೇಡಿ. ಹಿಂದಿನ ಮೂರು ವಾರದ ಹೊಡೆತವನ್ನ ದೇಹ ಕಟ್ಟಿಕೊಳ್ಳೋದು ಆ ವಾರದಲ್ಲೇ.

ಎರಡು ರಜೆ ದಿನವನ್ನ ಬಿಡಿಬಿಡಿಯಾಗಿ ಇಡಿ, ಸೋಮವಾರ ಮತ್ತು ಶುಕ್ರವಾರ ಒಳ್ಳೇದು. ಒಂದು ದಿನ ತಪ್ಪಿದರೆ ಅದನ್ನ ಮಾರನೇ ದಿನಕ್ಕೆ ಕೂಡಿಸಬೇಡಿ, ಹೋದದ್ದು ಹೋಯ್ತು.

ಬೆವರುಹನಿ_ವಿಜಯನಗರ

24 ವಾರ ಜಾಸ್ತಿ ಆಯ್ತಲ್ವಾ ಸರ್? 14 ವಾರದಲ್ಲೇ ಮುಟ್ಟೋರು ಇದ್ದಾರೆ.

ಕೆರೆಏರಿ

ಇದ್ದಾರೆ. ಹಿಂದೆ ವರ್ಷಗಟ್ಟಲೆ ಓಡಿ ಬಿಟ್ಟಿದ್ದವರು, ಕಬಡ್ಡಿ, ಫುಟ್‌ಬಾಲ್ ಆಡಿ ಬೆಳೆದವರ ಮೂಳೆಗೆ ಮೊದಲೇ ಅಭ್ಯಾಸ ಇರುತ್ತೆ. 42ರಲ್ಲಿ ಕುರ್ಚಿ ಕೆಲಸದಿಂದ ಎದ್ದು ಬರೋರಿಗೆ ಆ 10 ವಾರ ಉಳಿಸೋಕೆ ಹೋಗಿ ಆರು ವಾರ ಪ್ಲಾಸ್ಟರ್ ಹಾಕಿಸ್ಕೊಳ್ಳೋ ಹಾಗಾಗಬಾರದು ಅನ್ನೋದೇ ಕಾಳಜಿ.

ನಾಲೆಏರಿ_ಮಂಡ್ಯ

ಜಾಗದ ಬಗ್ಗೆ ಯಾರೂ ಬರೆದಿಲ್ಲ, ಅದೂ ಅಷ್ಟೇ ಮುಖ್ಯ ಕಣಣ್ಣ.

ಮಂಡ್ಯದ ಕಡೆಯವರಿಗೆ ಸರ್ ಎಂ.ವಿ. ಕ್ರೀಡಾಂಗಣ ಇದೆ. ಟ್ರ್ಯಾಕಲ್ಲಿ ಓಡೋರು ಒಂದು ಲೆಕ್ಕ ತಿಳ್ಕೊಳ್ಳಿ. 400 ಮೀ. ಅನ್ನೋದು ಅತಿ ಒಳಗಿನ ಲೇನಿಗೆ ಮಾತ್ರ. ಪೂರ್ತಿ ಅಳತೆಯ ಟ್ರ್ಯಾಕಿನ ಎಂಟನೇ ಲೇನಲ್ಲಿ ಒಂದು ಸುತ್ತು ಸುಮಾರು 453 ಮೀ. 10 ಸುತ್ತು ಹೊಡೆದು 4 ಕಿ.ಮೀ. ಅಂದುಕೊಂಡವರು ನಿಜಕ್ಕೂ ನಾಲ್ಕೂವರೆ ಓಡಿರ್ತಾರೆ. ಯಾವಾಗಲೂ ಎಡಕ್ಕೇ ತಿರುಗ್ತಾ ಇದ್ರೆ ಒಂದು ಕಾಲಿನ ಮೇಲೇ ಭಾರ ಬೀಳುತ್ತೆ. ಅಭ್ಯಾಸ ಮಾಡೋ ಹುಡುಗರಿಗೆ ಒಳಗಿನ ಲೇನು ಬಿಟ್ಟು, ಜನ ಇಲ್ಲದ ಹೊತ್ತಲ್ಲಿ ಅರ್ಧ ಓಟ ಉಲ್ಟಾ ದಿಕ್ಕಲ್ಲಿ ಮಾಡಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮಣ್ಣಿನ ದಾರಿ ಚೆನ್ನಾಗಿರುತ್ತೆ, ಸಮತಟ್ಟು. ತಡೆಗೋಡೆ ಇಲ್ಲದ ಕಡೆ ನೀರಿನ ಅಂಚಿಂದ ಆಚೆಗೇ ಓಡಿ, ಮಳೆ ಬಿದ್ದ ಮಾರನೇ ದಿನ ಅಲ್ಲಿಗೆ ಹೋಗಲೇಬೇಡಿ. ಜೇಡಿಮಣ್ಣು ಶೂಗೆ ಮೆತ್ತಿಕೊಂಡು ಒಂದೊಂದು ಕಾಲೂ ಅರ್ಧ ಕೆ.ಜಿ. ಭಾರ ಆಗುತ್ತೆ, ಜಾರಿದ್ರೆ ನೇರ ನೀರಿಗೆ. ಗದ್ದೆ ಬಯಲಲ್ಲಿ ಬೆಳಕು ಹರಿಯೋ ಮುಂಚೆ ಹೋಗೋದಾದ್ರೆ ಟಾರ್ಚ್ ಇರಲಿ, ಹಾವು ದಾರಿಗೆ ಅಡ್ಡ ಬರ್ತವೆ. ಕಬ್ಬು ಅರೆಯೋ ಕಾಲದಲ್ಲಿ ಕಾರ್ಖಾನೆ ರಸ್ತೆ ಬಿಟ್ಟುಬಿಡಿ. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೈಲರ್, ಅದರಿಂದ ಆಚೀಚೆ ಚಾಚಿಕೊಂಡ ಜಲ್ಲೆ. ಕತ್ತಲಲ್ಲಿ ಹಿಂದಿನ ಟ್ರೈಲರಿಗೆ ದೀಪ ಇರೋದು ಅಪರೂಪ.

ಡಾಂಬರು ರಸ್ತೆಯಲ್ಲಿ ಬಲಗಡೆ ಅಂಚಲ್ಲಿ, ವಾಹನಕ್ಕೆ ಎದುರಾಗಿ ಓಡಿ. ಆದ್ರೆ ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು ಇರುತ್ತಲ್ಲ, ಯಾವಾಗಲೂ ಒಂದೇ ಅಂಚಲ್ಲಿ ಓಡಿದ್ರೆ ಬಲಗಾಲು ತಗ್ಗಲ್ಲಿ, ಎಡಗಾಲು ಎತ್ತರದಲ್ಲಿ. ಸೊಂಟ, ಮೊಣಕಾಲಿನ ಹೊರಬದಿ ನೋಯೋಕೆ ಅದೊಂದು ಕಾರಣ. ವಾರದಲ್ಲಿ ಎರಡು ದಿನವಾದ್ರೂ ಮಣ್ಣಿನ ದಾರಿ ಅಥವಾ ಮೈದಾನ ಹುಡುಕ್ಕೊಳ್ಳಿ.

ಮೆಟ್ಟಿಲುಸಾವಿರ

ಮೈಸೂರಿನವರು ಚಾಮುಂಡಿ ಬೆಟ್ಟಕ್ಕೆ ಬೇಗ ಆಸೆಪಡ್ತಾರೆ. ಹತ್ತೋದು ಒಳ್ಳೆಯ ವ್ಯಾಯಾಮವೇ, ಕಾಲಿಗೆ ಹೊಡೆತ ಕಡಿಮೆ, ಎದೆಗೆ ಕೆಲಸ ಹೆಚ್ಚು. ತೊಂದರೆ ಇರೋದು ಇಳಿಯೋದರಲ್ಲಿ. ಇಳಿವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗ್ತಾನೇ ಭಾರ ತಡೀಬೇಕು, ಅದರ ಎಳೆಗಳಲ್ಲಿ ಸೂಕ್ಷ್ಮ ಸೀಳು ಆಗುತ್ತೆ, ನೋವು ಎರಡನೇ ದಿನ ತಾರಕಕ್ಕೆ ಹೋಗುತ್ತೆ. ಮೊದಲ 12 ವಾರ ಸಾವಿರ ಮೆಟ್ಟಿಲನ್ನ ನಡೆದು ಹತ್ತಿ, ಸಿಟಿ ಬಸ್‌ನಲ್ಲಿ ಇಳಿಯಿರಿ. ಆ ದಿನ ಓಟ ಬೇಡ. ಒಂದು 4 ಕಿ.ಮೀ. ದಿನದ ಬದಲಿಗೆ ಅದನ್ನ ಲೆಕ್ಕ ಹಾಕ್ಕೊಳ್ಳಿ.

ಏರು ಬೇಕೇ ಬೇಕು ಅಂದ್ರೆ ಲಲಿತಮಹಲ್ ರಸ್ತೆಯ ಕಡೆಯ ಮೆಲು ಏರಿಳಿತ ಸಾಕು. ಏರಿನಲ್ಲಿ ವೇಗ ಮರೆತು ಮಗ್ಗಿ ಹಿಡಿಯಿರಿ.

ಹೊಸಹೆಜ್ಜೆ_ಕುವೆಂಪುನಗರ

ಕುಕ್ಕರಹಳ್ಳಿ ದಾರಿ ಮಣ್ಣಿಂದೇ, ಅಲ್ಲೇ ಮುಂದುವರಿಸಬಹುದಾ? ಮೀನಖಂಡ ಬೆಳಿಗ್ಗೆ ಎದ್ದಾಗ ಬಿಗಿ ಇರುತ್ತೆ, ಹತ್ತು ಹೆಜ್ಜೆ ಇಟ್ಟ ಮೇಲೆ ಸಡಿಲ ಆಗುತ್ತೆ. ಇದನ್ನ ನೋವು ಅಂತ ಲೆಕ್ಕ ಹಾಕ್ಬೇಕಾ?

ನೋವುನಿವಾರಕ_ಜೆಪಿನಗರ

ಕೆರೆ ದಾರಿ ಒಳ್ಳೇದೇ, ಮಳೆಗಾಲದಲ್ಲಿ ಮರದ ಬೇರು ಮತ್ತು ಪಾಚಿ ನೋಡ್ಕೊಂಡು ಹೋಗಿ.

ನೋವನ್ನ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಹಾಕಿ. 3ರ ತನಕ ಇದ್ದು, ಓಡ್ತಾ ಏರದೆ, ಮಾರನೇ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು. ಓಡ್ತಾ ಓಡ್ತಾ ಏರಿದರೆ, ಹೆಜ್ಜೆ ಕುಂಟಿದರೆ, ಅಲ್ಲೇ ನಿಲ್ಲಿಸಿ ಆಟೋ ಹಿಡಿದು ಮನೆಗೆ ಹೋಗಿ.

ಮೀನಖಂಡದ ಬಿಗಿತ ದಿನ ಹೆಚ್ಚಿಸಿದಾಗ ಬರೋದೇ. ಆದ್ರೆ ಬಿಗಿತ ಕೆಳಗಿಳಿದು ಹಿಮ್ಮಡಿಯ ಮೇಲೆ ಎರಡು ಬೆರಳಲ್ಲಿ ಹಿಡಿದು ಒತ್ತಿದಾಗ ಚುರುಕ್ ಅಂದ್ರೆ ಅದು ಅಕಿಲಿಸ್. ಅಂಗಾಲಲ್ಲಿ, ಹಿಮ್ಮಡಿಗೆ ಹತ್ತಿರ, ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಚುಚ್ಚಿದರೆ ಅಂಗಾಲ ಪಟ್ಟಿ. ಮೊಣಕಾಲ ಹೊರಬದಿ, ಪ್ರತಿ ಸಲ ಹೆಚ್ಚುಕಡಿಮೆ ಅದೇ ದೂರಕ್ಕೆ ಶುರುವಾಗಿ ಇಳಿಜಾರಲ್ಲಿ ಜಾಸ್ತಿಯಾದರೆ ಐ.ಟಿ. ಬ್ಯಾಂಡ್ (ತೊಡೆಯ ಹೊರಬದಿಯ ಪಟ್ಟಿ). ಮೊಣಕಾಲ ಚಿಪ್ಪಿನ ಸುತ್ತ, ಮೆಟ್ಟಿಲಿಳಿವಾಗ ನೋವು ಅಂದ್ರೆ ರನ್ನರ್ಸ್ ನೀ.

ಎಲ್ಲಕ್ಕಿಂತ ಎಚ್ಚರ ಬೇಕಿರೋದು ಮುಂಗಾಲ ಮೂಳೆಗೆ. ಒಳಬದಿಯ ಅಂಚನ್ನ ಹೆಬ್ಬೆರಳಲ್ಲಿ ಕೆಳಗಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ನಾಲ್ಕು ಬೆರಳಗಲಕ್ಕೂ ಹೆಚ್ಚು ಉದ್ದಕ್ಕೆ ಹರಡಿಕೊಂಡ ನೋವಾದರೆ ಶಿನ್ ಸ್ಪ್ಲಿಂಟ್ಸ್ ಇರಬಹುದು, ದೂರವನ್ನ ಅರ್ಧಕ್ಕೆ ಇಳಿಸಿ ಮಣ್ಣಲ್ಲಿ ಓಡಿ. ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಜೀವ ಹೋಗೋ ಹಾಗೆ ನೋವು, ರಾತ್ರಿ ಮಲಗಿದಾಗಲೂ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ನೋವು ಅಂದ್ರೆ ಮೂಳೆ ಸಣ್ಣಗೆ ಬಿರುಕು ಬಿಟ್ಟಿರುವ ಸಾಧ್ಯತೆ. ಆ ದಿನವೇ ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. 'ಎಕ್ಸ್‌ರೇ ನಾರ್ಮಲ್' ಅಂತ ಮತ್ತೆ ಓಡಿ ಪೂರ್ತಿ ಮುರಿದುಕೊಳ್ಳೋದು ಹಾಗೇನೇ. ಎಂ.ಆರ್.ಐ. ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗೋ ಅಭ್ಯಾಸ ದಯವಿಟ್ಟು ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಹೋಗೋ ರಕ್ತ ಕಡಿಮೆ ಮಾಡ್ತವೆ, ಬೆವರಿ ನೀರು ಕಳೆದುಕೊಂಡಾಗ ಅದು ಇನ್ನೂ ಹೆಚ್ಚಿನ ಹೊರೆ. ಮೇಲಾಗಿ ದೇಹ ಕೊಡೋ ಎಚ್ಚರಿಕೆಯೇ ಕೇಳಿಸಲ್ಲ.

ತಡೆಯೋಕೆ ಮನೆಯಲ್ಲೇ ಮಾಡೋದು: ಮೆಟ್ಟಿಲಿನ ಅಂಚಲ್ಲಿ ಕಾಲ ಮುಂಭಾಗ ಊರಿ, ಎರಡೂ ಕಾಲಲ್ಲಿ ಮೇಲೆದ್ದು, ಒಂದೇ ಕಾಲಲ್ಲಿ ಮೂರು ಎಣಿಸುತ್ತಾ ಹಿಮ್ಮಡಿಯನ್ನ ಕೆಳಗಿಳಿಸಿ. ಮೊಣಕಾಲು ನೇರ ಇಟ್ಟು 15ರ ಮೂರು ಸುತ್ತು, ಸ್ವಲ್ಪ ಮಡಿಸಿ 15ರ ಮೂರು ಸುತ್ತು. ಮಡಿಸಿದಾಗ ಒಳಗಿನ ಸೋಲಿಯಸ್ ಸ್ನಾಯು ಕೆಲಸ ಮಾಡುತ್ತೆ, ನಿಧಾನ ಓಟದ ಹೆಚ್ಚಿನ ಭಾರ ಹೊರೋದು ಅದೇ. ಅಂಗಾತ ಮಲಗಿ ಸೊಂಟ ಎತ್ತೋದು, ಒಂಟಿ ಕಾಲಲ್ಲಿ, 12ರ ಮೂರು ಸುತ್ತು. ವಾರಕ್ಕೆ ಎರಡು ಸಲ, ಓಡಿದ ದಿನವೇ, ಓಡಿದ ನಂತರ. ರಜೆ ದಿನ ರಜೆಯಾಗೇ ಇರಲಿ.

ಹೆಜ್ಜೆ ಬಗ್ಗೆಯೂ ಒಂದು ಮಾತು. ನಿಧಾನ ಓಡಿ ಅಂದಾಗ ಉದ್ದುದ್ದ ಹೆಜ್ಜೆ ಹಾಕಿ ತೂಗಾಡ್ತಾ ಹೋಗಬೇಡಿ. ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ಕೆಳಗೇ ಬೀಳಲಿ. ಒಂದು ನಿಮಿಷ ಬಲಗಾಲಿನ ಹೆಜ್ಜೆ ಎಣಿಸಿ. 75 ಬಂದರೆ 79–80ಕ್ಕೆ ತರೋಕೆ ನೋಡಿ. ಇಷ್ಟು ಸಣ್ಣ ಬದಲಾವಣೆಗೇ ಮೊಣಕಾಲ ಮೇಲಿನ ಹೊರೆ ಇಳಿಯುತ್ತೆ.

ಲೇಸುಗಂಟು

ಶೂ. 500ರಿಂದ 800 ಕಿ.ಮೀ. ಬಾಳಿಕೆ, ಮೈ ತೂಕ ಜಾಸ್ತಿ ಇದ್ದರೆ ಬೇಗ. ವಾರಕ್ಕೆ 40 ಆದಮೇಲೆ ಒಂದು ಜೊತೆ ಮೂರರಿಂದ ನಾಲ್ಕೂವರೆ ತಿಂಗಳು. ಅಡಿ ತಳ ಸವೆದಿಲ್ಲ ಅಂತ ಮೋಸಹೋಗಬೇಡಿ, ಮೊದಲು ಸಾಯೋದು ನಡುವಿನ ಫೋಮ್. ಶೂವನ್ನ ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿ, ಒಂದು ಬದಿಗೆ ವಾಲಿದ್ದರೆ ಮುಗೀತು. ಪಕ್ಕದ ಫೋಮಿನಲ್ಲಿ ಅಡ್ಡ ಸುಕ್ಕು ಗೆರೆಗಳು ಬಿದ್ದು, ಹೆಬ್ಬೆರಳಲ್ಲಿ ಒತ್ತಿದರೆ ತಗ್ಗದಿದ್ದರೂ ಅಷ್ಟೇ. ಅಂಗಡಿಗೆ ಸಂಜೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತೆ. ಓಡೋ ಸಾಕ್ಸ್ ಹಾಕ್ಕೊಂಡು ನೋಡಿ, ಉದ್ದನೆ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. 25 ಕಿ.ಮೀ. ದಾಟಿದ ಮೇಲೆ ಎರಡು ಜೊತೆ ಅದಲುಬದಲು ಹಾಕಿದರೆ ಮಳೆಯಲ್ಲಿ ನೆಂದದ್ದು ಒಣಗೋಕೂ ಹೊತ್ತು ಸಿಗುತ್ತೆ. ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿಡಿ, ಬಿಸಿಲಿಗೆ ಅಂಟು ಬಿಡುತ್ತೆ.

ಬೆಲ್ಲದಚ್ಚು_ಮದ್ದೂರು

ತಿನ್ನೋ ಕುಡಿಯೋ ವಿಷಯ. ಒಂದು ಗಂಟೆಯೊಳಗಿನ ಓಟಕ್ಕೆ ಏನೂ ವಿಶೇಷ ಬೇಡ. ಹಸಿವಾದರೆ ಅರ್ಧ ಬಾಳೆಹಣ್ಣು. ಈ ಯೋಜನೆಯ ಕೊನೆಗೆ ಭಾನುವಾರದ 10–12 ಕಿ.ಮೀ. ನಿಮ್ಮ ವೇಗಕ್ಕೆ ಒಂದೂವರೆ ಗಂಟೆ ಮುಟ್ಟುತ್ತೆ, ಆಗ ಗಂಟೆಗೆ 30 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಲ್ಲಿ 25 ಗ್ರಾಂ ಸಿಗುತ್ತೆ, ಬೆಲ್ಲವಾದರೆ ನಿಂಬೆಹಣ್ಣಿನ ಗಾತ್ರದ ಒಂದು ತುಂಡು ಜಾಸ್ತಿಯೇ ಆಯ್ತು.

ಎಷ್ಟು ಬೆವರ್ತೀರಿ ಅಂತ ಅಳೆದು ನೋಡಿ. ಓಟದ ಮುಂಚೆ, ನಂತರ ಒಣಗಿದ ಮೈಯಲ್ಲಿ ತೂಕ ಹಾಕಿ. 1 ಕೆ.ಜಿ. ಇಳಿದಿದ್ದರೆ ಸುಮಾರು 1 ಲೀಟರ್ ಬೆವರು. ಅದನ್ನ ನಂತರದ ಎರಡು ಮೂರು ಗಂಟೆಯಲ್ಲಿ ತುಂಬಿಕೊಳ್ಳಿ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿ, ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಮ್ಮ ಕಡೆ ಎಳನೀರು ಧಾರಾಳ, ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಉಪ್ಪಿನ ಅಂಶ ಕಡಿಮೆ. ಬೆವರಲ್ಲಿ ಹೋಗೋದು ಹೆಚ್ಚಾಗಿ ಉಪ್ಪು. ಹಾಗಾಗಿ ಎಳನೀರಿಗೆ ಒಂದು ಚಿಟಿಕೆ ಉಪ್ಪು, ಇಲ್ಲಾ ಉಪ್ಪು ಹಾಕಿದ ನೀರು ಮಜ್ಜಿಗೆ. ಆಮೇಲೆ ಮುದ್ದೆ, ಬಸ್ಸಾರು, ಒಂದು ಮೊಟ್ಟೆ ಅಥವಾ ಹುರುಳಿಕಾಳು ಪಲ್ಯ ಇದ್ದರೆ ಬೇರೆ ಪುಡಿ ಡಬ್ಬ ಏನೂ ಬೇಡ.

ಮಲ್ಲಿಗೆಬೆಳಗು

ಮಹಿಳೆಯರಿಗೆ ಒಂದು ಸೇರಿಸ್ತೀನಿ. ವೇಗ ಅಷ್ಟೇ ಇದ್ದು ಬಡಿತ ವಾರದಿಂದ ವಾರಕ್ಕೆ ಏರ್ತಿದ್ರೆ, ಮೆಟ್ಟಿಲಿಗೆ ಏದುಸಿರು ಬರ್ತಿದ್ರೆ, ದೂರ ಜಾಸ್ತಿ ಆಯ್ತು ಅಂತ ಸುಮ್ಮನಾಗಬೇಡಿ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ಬರೆಸಿಕೊಂಡು ಮಾಡಿಸಿ. ಹಿಮೋಗ್ಲೋಬಿನ್ 12ರ ಮೇಲಿದ್ದೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ಖಾಲಿಯಾಗ್ತಿದೆ ಅಂತ. ಮಾತ್ರೆ ಡಾಕ್ಟರು ಹೇಳಿದ ಮೇಲೆ ಮಾತ್ರ. ಊಟದ ಜೊತೆಗೇ ಕಾಫಿ, ಟೀ ಬೇಡ, ಒಂದು ಗಂಟೆ ಬಿಡಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ, ಹೀರಿಕೆ ಹೆಚ್ಚುತ್ತೆ. ಇನ್ನು ಮುಟ್ಟು ನಿಂತೇಹೋದರೆ ತಿನ್ನೋದು ಸಾಲ್ತಿಲ್ಲ ಅನ್ನೋದರ ಸೂಚನೆ ಇರಬಹುದು, ಮೂಳೆಗೆ ಅದು ನೇರ ಹೊಡೆತ. ದೂರ ನಿಲ್ಲಿಸಿ ಡಾಕ್ಟರನ್ನ ನೋಡಿ.

ಬೆವರುಹನಿ_ವಿಜಯನಗರ

ಮಧ್ಯೆ ಜ್ವರ ಬಂದು ನಿಂತುಹೋದರೆ ಯಾವ ವಾರದಿಂದ ಶುರುಮಾಡೋದು?

ನೋವುನಿವಾರಕ_ಜೆಪಿನಗರ

ಒಂದು ವಾರದೊಳಗೆ ತಪ್ಪಿದ್ದರೆ ಅದೇ ವಾರದಿಂದ. ಎರಡು ವಾರವಾದರೆ ಒಂದು ಹಂತ ಹಿಂದೆ. ನಾಲ್ಕು ವಾರವಾದರೆ ಹಿಂದಿನ ಮೊತ್ತದ ಅರ್ಧದಿಂದ, ಉದ್ದನೆ ಓಟಕ್ಕೆ 30 ದಿನದ ಲೆಕ್ಕ ಹೊಸದಾಗಿ.

ಮಳೆಗಾಲದಲ್ಲಿ ನಮ್ಮ ಕಡೆ ಡೆಂಗ್ಯೂ, ಚಿಕೂನ್‌ಗುನ್ಯಾ ಇದ್ದೇ ಇರುತ್ತೆ. ಡೆಂಗ್ಯೂ ಆದವರು ಪ್ಲೇಟ್‌ಲೆಟ್ ಸರಿಹೋಗಿ ಡಾಕ್ಟರು ಹೂಂ ಅನ್ನೋ ತನಕ ನಡಿಗೆ ಮಾತ್ರ. ಯಾವ ಜ್ವರ ಅಂತ ಗೊತ್ತಾಗೋ ಮುಂಚೆ ಐಬುಪ್ರೊಫೆನ್, ಆಸ್ಪಿರಿನ್ ತಗೋಬೇಡಿ, ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಚಿಕೂನ್‌ಗುನ್ಯಾದ ಕೀಲು ನೋವು ತಿಂಗಳುಗಟ್ಟಲೆ ಉಳಿಯಬಹುದು, ಅದಕ್ಕೆ ಮೇಲಿನ ವಾರದ ಲೆಕ್ಕ ಅನ್ವಯಿಸಲ್ಲ. ಬೆಳಿಗ್ಗೆ ಪಾದದ ಕೀಲು ಊತ ಇಲ್ಲದ ಹಾಗಾದ ಮೇಲೆ ಮೊದಲ ವಾರದಿಂದ ಶುರುಮಾಡಿ.

ಹೊಸಹೆಜ್ಜೆ_ಕುವೆಂಪುನಗರ

ಎಲ್ಲರಿಗೂ ಧನ್ಯವಾದ. ಮಂಗಳ, ಬುಧ, ಶನಿ 4, ಭಾನುವಾರ 5, ಕಿ.ಮೀ.ಗೆ 8 ನಿಮಿಷದ ಆಸುಪಾಸು. ಮೆಟ್ಟಿಲಂಚಿನ ವ್ಯಾಯಾಮ ಬುಧ ಮತ್ತು ಭಾನು. ಕೊನೇ ಒಂದು ಪ್ರಶ್ನೆ: 40 ಮುಟ್ಟಿದ ಮೇಲೆ?

ಕೆರೆಏರಿ

ಅಲ್ಲೇ ಎಂಟು ವಾರ ನಿಲ್ಲಿ, ನಾಲ್ಕನೇ ಮತ್ತು ಎಂಟನೇ ವಾರ 30ಕ್ಕೆ ಇಳಿಸಿ. ಆ ಹೊತ್ತಿಗೆ ಜನವರಿ, ಮೈಸೂರಲ್ಲಿ ಓಡೋಕೆ ವರ್ಷದ ಅತ್ಯುತ್ತಮ ಕಾಲ. ಮಾರ್ಚ್ ಬಂದಮೇಲೆ 32ಕ್ಕೆ ತಂದು, ಆರು ಗಂಟೆಗೆ ಮುಂಚೆ ಹೊರಟುಬಿಡಿ. ಬಿಸಿಲಲ್ಲಿ ಅದೇ ವೇಗಕ್ಕೆ ಬಡಿತ ತಾನಾಗೇ ಏರುತ್ತೆ, ಆಗ ಗಡಿಯಾರ ನೋಡದೆ ಮಗ್ಗಿಯ ಉಸಿರಿಗೆ ತಕ್ಕ ಹಾಗೆ ಓಡಿ. ಮಂಗಳವಾರದ 4 ಕಿ.ಮೀ. ಆದಮೇಲೆ ಕೊನೇ ಕಿ.ಮೀ.ನಲ್ಲಿ ಏಳ್ಮೂರ್ಲದವರೆಗೂ ಒಂದೇ ಉಸಿರಿಗೆ ಬಂತಾ ಅಂತ ಇಲ್ಲಿ ಬರೆಯಿರಿ.